ತೇಕು ಮತ್ತು ಒಂದು ಟ್ಯೂಬ್ ರಕ್ತ

(ತಾಳಿಕೋಟೆಯ ಲ್ಯಾಬ್ ಟೆಕ್ನಿಷಿಯನ್ ಒಬ್ಬರ ದಿನಚರಿಯಿಂದ)

31 ಡಿಸೆಂಬರ್ 2024, ಮಂಗಳವಾರ

ನಿನ್ನೆ ಎಳ್ಳಮಾವಾಸ್ಯೆ, ಊರೆಲ್ಲ ಹೊಲದಲ್ಲಿತ್ತು. ಇವತ್ತು ಲ್ಯಾಬಿನ ಮುಂದೆ ಸಾಲು. ನಲವತ್ತೈದರ ಹೆಣ್ಣುಮಗಳೊಬ್ಬಳು ಕುರ್ಚಿ ಹಿಡಿದು ನಿಂತಳು. "ಚರಗ ಚೆಲ್ಲಾಕ ಹೋದ್ರ ಅರ್ಧಾ ಹೊಲಕ್ಕೇ ತೇಕು ಹತ್ತಿ ಕುಂತುಬಿಟ್ಟೆ ತಮ್ಮಾ. ಎರಡು ವರ್ಷಾತು, ದಮ್ಮಿನ ಪಂಪ್ ಜಗ್ಗಿ ಜಗ್ಗಿ ಸಾಕಾಗ್ಯಾದ." ಪಾದ ಬಾತಿವೆ. ಹೊಸ ಡಾಕ್ಟರು ಚೀಟಿಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ಜೊತೆಗೆ ಎನ್‌ಟಿ-ಪ್ರೊಬಿಎನ್‌ಪಿ ಬರೆದಿದ್ದಾರೆ.

ಹೃದಯದ ಮೇಲಿನ ಒತ್ತಡ ತೋರಿಸುವ ಈ ಕೊನೆಯ ಪರೀಕ್ಷೆಯ ಮಷಿನ್ ನಮ್ಮಲ್ಲಿಲ್ಲ. ಸೀರಮ್ ತೆಗೆದು, ಐಸ್ ಡಬ್ಬಿಯಲ್ಲಿಟ್ಟು, ವಿಜಯಪುರದ ಬಸ್ಸಿಗೆ ಕೊಟ್ಟೆ. ಬಿಎನ್‌ಪಿ ಬರೆದಿದ್ದರೆ ಕಷ್ಟವಿತ್ತು, ಅದು ಟ್ಯೂಬಿನಲ್ಲೇ ಬೇಗ ಕೆಡುತ್ತದೆ. ಅದರ ಜೊತೆಗೇ ಹುಟ್ಟುವ ಈ ಪ್ರೋಟೀನ್ ತುಂಡು ಹೆಚ್ಚು ಹೊತ್ತು ತಾಳುತ್ತದೆ.

2 ಜನವರಿ 2025, ಗುರುವಾರ

ರಿಪೋರ್ಟ್ ಬಂತು: ಮಿಲಿಲೀಟರಿಗೆ 1,480 ಪಿಕೋಗ್ರಾಂ. ಈ ವಯಸ್ಸಿಗೆ ಸಾಮಾನ್ಯವಾಗಿ 125ರ ಒಳಗಿರಬೇಕು.

ಹೃದಯದ ಗೋಡೆ ಒತ್ತಡಕ್ಕೆ ಹಿಗ್ಗಿದಾಗ ಅದರ ಕೋಶಗಳೇ ಇದನ್ನು ರಕ್ತಕ್ಕೆ ಬಿಡುತ್ತವೆ. 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಬಿಎನ್‌ಪಿ ಮೊದಲು ಸಿಕ್ಕಿದ್ದು ಹಂದಿಯ ಮಿದುಳಿನಲ್ಲಿ. ಹೃದಯವೇ ಅದರ ದೊಡ್ಡ ಮೂಲವೆಂದು ಗೊತ್ತಾದದ್ದು ಆಮೇಲೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದರೆ ಹೃದಯದ ಬಲಭಾಗ ಹೆಣಗುತ್ತದೆ, ಅಂಕಿ ಏರುತ್ತದೆ. ಎಡಭಾಗ ಸೋತರೂ, ಕಿಡ್ನಿ ಕೆಟ್ಟರೂ ಏರುತ್ತದೆ. ಬೊಜ್ಜಿನವರಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಕಾಣುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯಲ್ಲಿ ಶ್ವಾಸಕೋಶದ ಈ ಒತ್ತಡ ಸಿಗುವುದಿಲ್ಲ. ಆಕೆಯ ಬಿಪಿ 110/70.

"ಏನಾಗ್ಯಾದ ತಮ್ಮಾ?"

"ಅದನ್ನ ಡಾಕ್ಟ್ರ ಹೇಳಬೇಕ್ರಿ ಅಕ್ಕಾ. ನಾಳಿ ಅನಬ್ಯಾಡ್ರಿ, ಇವತ್ತ ಹೋಗ್ರಿ."

5 ಜನವರಿ, ರವಿವಾರ

ಲ್ಯಾಬ್ ಮುಚ್ಚಿತ್ತು, ಓದುತ್ತ ಕುಳಿತೆ. ದಣಿದವರೆಲ್ಲರ ರಕ್ತ ತೆಗೆದು ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರುವ ಈ ರೋಗ ಹುಡುಕಲಾಗದು. ಯಾರಲ್ಲಿ ಹುಡುಕುತ್ತೇವೆ ಎಂಬುದರ ಮೇಲೆ ಪರೀಕ್ಷೆಯ ಬೆಲೆ ನಿಂತಿದೆ. ಚರ್ಮ ಬಿಗಿಯುವ ಸ್ಕ್ಲಿರೋಡರ್ಮಾ ರೋಗಿಗಳಿಗೆ 2014ರ 'ಡಿಟೆಕ್ಟ್' ಎಂಬ ಲೆಕ್ಕಾಚಾರವಿದೆ. ಎನ್‌ಟಿ-ಪ್ರೊಬಿಎನ್‌ಪಿ, ಯೂರಿಕ್ ಆಸಿಡ್, ಒಂದು ಆ್ಯಂಟಿಬಾಡಿ, ಇವುಗಳ ಜೊತೆ ಉಸಿರಿನ ಪರೀಕ್ಷೆ, ಇಸಿಜಿ ಸೇರಿಸಿ ಯಾರಿಗೆ ಎಕೋ (ಹೃದಯದ ಸ್ಕ್ಯಾನ್) ಬೇಕೆಂದು ತೀರ್ಮಾನಿಸುತ್ತಾರೆ. ಯೂರಿಕ್ ಆಸಿಡ್ಡನ್ನು ನಾವು ಕೀಲುನೋವಿನವರಿಗೆ ದಿನಾ ಮಾಡುತ್ತೇವೆ!

ಕೊನೆಯ ಮಾತು ಮಾತ್ರ ಕ್ಯಾಥೆಟರಿನದು. ಆ ನಳಿಕೆಯನ್ನು ಬಲ ಹೃದಯದ ಮೂಲಕ ಶ್ವಾಸಕೋಶದ ರಕ್ತನಾಳಕ್ಕೆ ಇಳಿಸಿ ಅಳೆದಾಗ ಸರಾಸರಿ ಒತ್ತಡ 20 ಮಿ.ಮೀ. ಮೀರಿದರೆ ರೋಗ ಖಚಿತ. ಮೊದಲು ಗಡಿ 25 ಇತ್ತು, 2022ರ ಯುರೋಪಿನ ಮಾರ್ಗಸೂಚಿ ಇಳಿಸಿತು. ನಮ್ಮ ಅಂಕಿ ಏರುವುದು ಹೃದಯ ಹೆಣಗತೊಡಗಿದ ಮೇಲೆ. ರಕ್ತನಾಳದ ಗೋಡೆ ದಪ್ಪವಾಗತೊಡಗಿದಾಗಲೇ ಸುಳಿವು ಕೊಡುವ ಪ್ರೋಟೀನುಗಳನ್ನೂ ಮೈಕ್ರೋ ಆರ್‌ಎನ್‌ಎಗಳನ್ನೂ ಸಂಶೋಧಕರು ಹುಡುಕುತ್ತಿದ್ದಾರೆ. ಯಾವುದೂ ನಮ್ಮ ದರಪಟ್ಟಿಗೆ ಬರುವ ಹಂತದಲ್ಲಿಲ್ಲ.

14 ಜನವರಿ, ಮಂಗಳವಾರ, ಸಂಕ್ರಾಂತಿ

ಎಳ್ಳು-ಬೆಲ್ಲ ಕೊಡಲು ಆಕೆಯ ಮಗ ಬಂದಿದ್ದ. ವಿಜಯಪುರದಲ್ಲಿ ಎಕೋ ಆಗಿದೆ. ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿದೆ. ಸಣ್ಣವಳಿದ್ದಾಗ ಕೀಲು ಬಾತು ಜ್ವರ ಬಂದದ್ದನ್ನು ಅಜ್ಜಿ ಈಗ ನೆನಪಿಸಿದಳಂತೆ. ಆ ರುಮ್ಯಾಟಿಕ್ ಜ್ವರ ಆಗಲೇ ಕವಾಟಕ್ಕೆ ಗಾಯ ಮಾಡಿತ್ತು. ಮುಂದೆ ಹರಿಯಲಾಗದ ರಕ್ತ ಹಿಂದಕ್ಕೆ ಒತ್ತಿ, ಶ್ವಾಸಕೋಶದ ಒತ್ತಡ ಏರಿದೆ. ಇಂಥವರಿಗೆ ಮುಖ್ಯ ಮದ್ದು ಕವಾಟ ಬಿಡಿಸುವುದು. ಶ್ವಾಸಕೋಶದ ರಕ್ತನಾಳ ಹಿಗ್ಗಿಸುವ ಮಾತ್ರೆ ಇವರಿಗಲ್ಲ. ಬಲೂನ್ ಚಿಕಿತ್ಸೆ ಸಾಧ್ಯವೇ ಎಂದು ಕೇಳಲು ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೊರಟಿದ್ದಾರೆ.

1,480 ಎಂಬ ಅಂಕಿಯಲ್ಲಿ ಈ ಕವಾಟವಿರಲಿಲ್ಲ. ಆದರೆ ಪಂಪ್ ಬಿಡಿಸಿ ಎಕೋ ಕೋಣೆಗೆ ಕಳಿಸಿದ್ದು ಅದೇ.

20 ಜನವರಿ, ಸೋಮವಾರ

ಸಂಜೆ ಡಾಕ್ಟರ ಬಳಿ ಕೂತು ಮಾತಾಡಿದೆ. ಪಂಪಿಗೂ ಕಬ್ಬಿಣಾಂಶದ ಮಾತ್ರೆಗೂ ಜಗ್ಗದ ತೇಕು, ಬಾಲ್ಯದ ಕೀಲುಜ್ವರ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಬಿಗಿದ ಚರ್ಮ, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ: ಇಂಥವರಿಗೆ ಇಸಿಜಿಯ ಜೊತೆ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆ ಬರೆಯುವೆನೆಂದರು. ಕೂಲಿಯವರಿಗೆ ದುಬಾರಿ ಎಂದೆ. "ಎರಡು ವರ್ಷದ ಪಂಪಿನ ಖರ್ಚು ಲೆಕ್ಕ ಹಾಕು" ಎಂದರು.

ಇನ್ನೊಂದು ಮಾತು ಒತ್ತಿ ಹೇಳಿದರು: ಅಂಕಿ ಸರಿಯಿದ್ದರೂ ತೇಕು ನಿಲ್ಲದಿದ್ದರೆ ಎಕೋ ತಪ್ಪಿಸಬಾರದು. ಅದನ್ನು ರಿಪೋರ್ಟಿನ ಕೆಳಗೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು. ನಾಳೆ ಪ್ರೆಸ್ಸಿನವನಿಗೆ ಹೇಳುವುದು.