ನಮ್ಮ ಮನೆಯ ನಾಲ್ಕು ಮತಗಳು

ನನ್ನ ಹುಟ್ಟೂರು ಜೇವರ್ಗಿ ತಾಲ್ಲೂಕಿನಲ್ಲಿ, ಭೀಮಾನದಿಯಿಂದ ಎರಡು ಹರಿದಾರಿ ಈಚೆಗಿದೆ. ಅಕ್ಕನನ್ನು ಕೊಟ್ಟುದು ಅದೇ ನದಿಯ ಮೇಲಣ ದಂಡೆಯ ಅಫಜಲಪುರ ತಾಲ್ಲೂಕಿಗೆ. ನಾನು ಅಳಿಯನಾಗಿ ಹೋದುದು ಆಳಂದಕ್ಕೆ. ಹೀಗೆ ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಭೂಗೋಲದ ಪುಸ್ತಕಕ್ಕಿಂತ ಹೆಚ್ಚಾಗಿ ಬಂಧುಬಳಗದ ಮೂಲಕವೇ ನನಗೆ ಪರಿಚಯವಾದವು. ಚುನಾವಣೆ ಬಂದಿತೆಂದರೆ ಮೂರೂ ಕಡೆಯಿಂದ ವಾರ್ತೆಗಳು ಬರುತ್ತವೆ. ಲಗ್ನಪತ್ರಿಕೆಗಳೂ ಅದೇ ದಿನಗಳಲ್ಲಿ ಬರುವುದರಿಂದ, ಒಂದೇ ಪ್ರಯಾಣದಲ್ಲಿ ಅಕ್ಷತೆ ಹಾಕಿ, ಯಾರು ಗೆಲ್ಲುವರೆಂಬುದನ್ನೂ ಕೇಳಿಕೊಂಡು ಮರಳುವುದು ನಮ್ಮಲ್ಲಿ ರೂಢಿಯಾಗಿದೆ.

ವಾಚಕರು ನಮ್ಮ ಕಡೆಯ ಬೇಸಗೆಯನ್ನು ಕಂಡಿರಬಹುದು. ತೊಗರಿ ಮಾರಿ ಆಗಿರುತ್ತದೆ. ಮುಂಗಾರಿಗೆ ಇನ್ನೂ ತಡವುಂಟು. ಒಕ್ಕಲಿಗನಿಗೆ ಕೈಗೆ ಕೆಲಸವಿಲ್ಲ, ಬಾಯಿಗೆ ಬೇಕಾದಷ್ಟಿರುತ್ತದೆ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೂ ಚಹಾದ ಅಂಗಡಿಯ ಬಾಕಿನ ಮೇಲೂ ರಾಜಕಾರಣದ ಭಾಷ್ಯಕಾರರು ನೆರೆಯುತ್ತಾರೆ. ಈ ಓಣಿಯ ಮತಗಳು ಇಂತಿಷ್ಟು, ಅವು ಇವರಿಗೆ. ಆ ಸಮಾಜದವು ಇಂತಿಷ್ಟು, ಅವು ಅವರಿಗೆ. ಆ ಗೌಡರು ಹೇಳಿದರೆ ಮೂರು ಹಳ್ಳಿ ಇತ್ತ ವಾಲುತ್ತವೆ. ಅಡತಿಯ ಅಂಗಡಿಯ ಗುಮಾಸ್ತನು ತೊಗರಿಯ ಚೀಲಗಳನ್ನು ಎಣಿಸುವಂತೆ ಮನುಷ್ಯರನ್ನು ಎಣಿಸುವ ವಿದ್ಯೆಯಿದು. ಇದರಲ್ಲಿ ನಾನೂ ಪ್ರವೀಣನೆನಿಸಿಕೊಂಡಿದ್ದೆನು. ಕಲಬುರಗಿಯಲ್ಲಿ ಉಪಾಧ್ಯಾಯನಾಗಿದ್ದ ದಿನಗಳಲ್ಲಿ, ಈಗ ನಿಂತುಹೋಗಿರುವ ಒಂದು ಸಣ್ಣ ವಾರಪತ್ರಿಕೆಗೆ, ಹೆಸರು ಹಾಕಿಕೊಳ್ಳದೆ, ಚುನಾವಣೆಯ ಟಿಪ್ಪಣಿಗಳನ್ನು ಬರೆಯುತ್ತಿದ್ದೆನು. ಹೆಸರಿಲ್ಲದಿದ್ದರೂ ಬರೆದವನು ಯಾರೆಂಬುದು ನಮ್ಮೂರಿನಲ್ಲಿ ಎಲ್ಲರಿಗೂ ತಿಳಿದಿತ್ತು. ತಿಳಿಯುವಂತೆ ನಾನೇ ನೋಡಿಕೊಂಡಿದ್ದೆನು.

2008ನೆಯ ಇಸವಿಯ ಮೇ ತಿಂಗಳ ವಿಧಾನಸಭೆಯ ಚುನಾವಣೆಯಲ್ಲಿ ಜೇವರ್ಗಿಯಿಂದ ಧರ್ಮಸಿಂಗರು ನಿಂತಿದ್ದರು. ಮೂರು ದಶಕಗಳ ಕಾಲ ಆ ಕ್ಷೇತ್ರದ ಜನರು ಅವರನ್ನು ಮರಳಿ ಮರಳಿ ಆರಿಸಿ ಕಳುಹಿಸಿದ್ದರು. 2004ರಿಂದ 2006ರ ವರೆಗೆ ಅವರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು. ಅವರೆದುರು ನಿಂತವರು ದೊಡ್ಡಪ್ಪಗೌಡ ಪಾಟೀಲ ನರಿಬೋಳರು. ನಾನು ಓಣಿ ಓಣಿಗಳ ಲೆಕ್ಕ ಹಾಕಿ, ಕೂಡಿಸಿ, ಕಳೆದು, "ಜೇವರ್ಗಿಯಲ್ಲಿ ಚುನಾವಣೆಯು ನಡೆಯುವ ಮೊದಲೇ ಮುಗಿದಿದೆ" ಎಂದು ಬರೆದೆನು. ಆ ವಾಕ್ಯವು ನನಗೆ ಬಹಳ ಮೆಚ್ಚುಗೆಯಾಗಿದ್ದಿತು. ಪತ್ರಿಕೆಯ ಪ್ರತಿಯೊಂದನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಊರಿಗೆ ಕಳುಹಿಸಿದೆನು. ನಮ್ಮ ಅಪ್ಪನು ಅದನ್ನು ಪಡಸಾಲೆಯಲ್ಲಿ ಕುಳಿತು ಮನೆಯವರಿಗೆಲ್ಲ ಓದಿ ಹೇಳಿದನಂತೆ.

ಮತದಾನದ ದಿನ ನಮ್ಮ ಮನೆಯಲ್ಲಿ ಮತವುಳ್ಳವರು ನಾಲ್ವರು: ಅಪ್ಪ, ಅವ್ವ, ಚಿಕ್ಕಮ್ಮ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಸೋದರತ್ತೆ. ನನ್ನ ಹೆಸರು ಪಟ್ಟಣದ ಪಟ್ಟಿಯಲ್ಲಿದ್ದುದರಿಂದ ನಾನು ಅಲ್ಲಿಯೇ ಮತ ಹಾಕಿದೆನು. ಮತಗಟ್ಟೆಯಾಗಿದ್ದ ಶಾಲೆಯು ನಮ್ಮ ಮನೆಯಿಂದ ಒಂದು ಮೈಲಿಗೆ ಕಡಿಮೆಯಿಲ್ಲ. ಹಳ್ಳ ದಾಟಿ ಹೋಗಬೇಕು. ದಾರಿಯಲ್ಲಿ ಒಂದು ಬೇವಿನ ಗಿಡದ ಹೊರತು ನೆರಳಿಲ್ಲ. ಬೆಳಿಗ್ಗೆ ಹೋಗಬೇಕೆಂದಿದ್ದವರು ರೊಟ್ಟಿಯ ಕೆಲಸ ಮುಗಿಯಲೆಂದು ತಡೆದರು. ಮಧ್ಯಾಹ್ನ ಬಿಸಿಲೇರಿತೆಂದು ತಡೆದರು. ಇಳಿಹೊತ್ತಿಗೆ ಸೋದರತ್ತೆಗೆ ತಲೆಸುತ್ತು ಬಂದಿತು. ನಾಲ್ವರಲ್ಲಿ ಒಬ್ಬರೂ ಹೋಗಲಿಲ್ಲ.

ಎಣಿಕೆಯ ದಿನ ಫಲಿತಾಂಶ ಬಂದಿತು. ಧರ್ಮಸಿಂಗರು ಸೋತಿದ್ದರು. ಸೋಲಿನ ಅಂತರ 70 ಮತಗಳು.

ಎಪ್ಪತ್ತು! ಊರಿಗೊಂದರಂತೆ ಹಂಚಿದರೂ ತಾಲ್ಲೂಕಿನ ಎಲ್ಲ ಊರುಗಳಿಗೆ ಸಾಲದ ಸಂಖ್ಯೆಯದು. ಕ್ಷೇತ್ರದಲ್ಲೆಲ್ಲ ಕೂಡಿ 36 ಜನರು ಯಂತ್ರದಲ್ಲಿ ಒಂದು ಗುಂಡಿಯ ಬದಲು ಇನ್ನೊಂದನ್ನು ಒತ್ತಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. ಸಾವಿರಗಳಲ್ಲಿ ಎಣಿಸಿ ರೂಢಿಯಾದ ನನ್ನ ಲೇಖನಿಗೆ ಈ ಸಂಖ್ಯೆಯು ಎಲ್ಲಿಯೂ ಕಂಡಿರಲಿಲ್ಲ. ಆ ವಾರದ ಕೊನೆಗೆ ನಾನು ಊರಿಗೆ ಹೋದೆನು. ನನ್ನ ಭವಿಷ್ಯವು ಹುಸಿಯಾಯಿತೆಂದು ಕಟ್ಟೆಯ ಮೇಲಿನವರು ನಗುವರೆಂಬ ಭಯವಿತ್ತು, ನಕ್ಕರು, ಅದನ್ನು ಸಹಿಸಿಕೊಂಡೆನು. ಮನೆಯಲ್ಲಿ ಅವ್ವನನ್ನು, "ನೀವು ನಾಲ್ವರೂ ಯಾಕ ಹೋಗಲಿಲ್ಲವ್ವ?" ಎಂದು ಕೇಳಿದೆನು. ಅವಳಲ್ಲಿ ಕೋಪವಿರಲಿಲ್ಲ, ಸಹಜವಾಗಿಯೇ ಹೇಳಿದಳು:

"ನೀನೇ ಬರ್ದಿದ್ದಿ ಅಲ್ಲೋ ತಮ್ಮಾ, ಮುಗದದ ಅಂತ. ಮುಗದ ಕೆಲ್ಸಕ್ಕ ನಾವ್ಯಾಕ ಬಿಸಲಾಗ ಹೋಗ್ಬೇಕು?"

ನಾನು ಸುಮ್ಮನಾದೆನು. ಅಪ್ಪನು ಗೋಡೆಗೆ ಆತುಕೊಂಡು ಅಡಕೆ ಕತ್ತರಿಸುತ್ತಿದ್ದನು. ಅವನು 1948ರ ಸೆಪ್ಟೆಂಬರಿನ ವರೆಗೆ ನಿಜಾಮರ ಪ್ರಜೆಯಾಗಿದ್ದವನು. 1952ರ ಮೊದಲನೆಯ ಚುನಾವಣೆಯಲ್ಲಿ, ಅಭ್ಯರ್ಥಿಗೊಂದರಂತೆ ಇರಿಸಿದ್ದ, ಗುರುತಿನ ಚಿತ್ರ ಅಂಟಿಸಿದ್ದ ಪೆಟ್ಟಿಗೆಗಳ ಮುಂದೆ ನಿಂತು ಚೀಟಿ ಹಾಕಿದುದನ್ನು ನಮಗೆ ಎಷ್ಟೋ ಸಲ ಹೇಳಿದ್ದನು. ಅಂದಿನಿಂದ ಒಂದು ಚುನಾವಣೆಯನ್ನೂ ಅವನು ತಪ್ಪಿಸಿಕೊಂಡಿರಲಿಲ್ಲ. "ಎಪ್ಪತ್ತರಾಗ ನಾಕು ನಮ್ಮನೀವು" ಎಂದನು. "ಯಾರಿಗೆ ಹಾಕ್ತಿದ್ರಿ?" ಎಂದು ನಾನು ಕೇಳಬಾರದಾಗಿತ್ತು, ಕೇಳಿದೆನು. ಅಪ್ಪನು ಅಡಕೊತ್ತನ್ನು ಕೆಳಗಿಟ್ಟು, "ಅದು ನಿನಗ ಬ್ಯಾಡ" ಎಂದನು. ಆ ನಾಲ್ಕು ಮತಗಳು ಎಪ್ಪತ್ತನ್ನು ಎಪ್ಪತ್ತನಾಲ್ಕು ಮಾಡುತ್ತಿದ್ದವೋ, ಅರವತ್ತಾರು ಮಾಡುತ್ತಿದ್ದವೋ, ನನಗೆ ಇಂದಿಗೂ ತಿಳಿಯದು. ಆದರೆ ನಮ್ಮ ಊರಿನಲ್ಲಿ ನನ್ನ ಟಿಪ್ಪಣಿಯನ್ನು ಓದಿಸಿಕೊಂಡು ಕೇಳಿದ ಮನೆಗಳು ನಮ್ಮದೊಂದೇ ಆಗಿರಲಿಲ್ಲವೆಂಬುದು ತಿಳಿದಿತ್ತು. ಮುಂದಿನ ಚುನಾವಣೆಯನ್ನು ಅಪ್ಪನು ಕಾಣಲಿಲ್ಲ.

ಇನ್ನು ಮೇಲೆ ಭವಿಷ್ಯ ಬರೆಯಲಾರೆನೆಂದು ಸಂಪಾದಕರಿಗೆ ತಿಳಿಸಿದೆನು. ಅವರು ಸಜ್ಜನರು, ಆದರೆ ವ್ಯಾಪಾರ ಬಲ್ಲವರು. ಕುಡಿಯುವ ನೀರು, ಹಳ್ಳದ ಸೇತುವೆ ಮುಂತಾದ ವಿಷಯಗಳನ್ನು ಬರೆದುಕೊಟ್ಟರೆ ಅಚ್ಚು ಮಾಡುತ್ತಿದ್ದರು. ಮುಖಪುಟಕ್ಕೆ ಮಾತ್ರ ಹಾಕುತ್ತಿರಲಿಲ್ಲ. 2013ರ ಚುನಾವಣೆಯ ದಿನ ಅವ್ವನು ಏಳು ಗಂಟೆಗೆ ಮುಂಚೆಯೇ ಶಾಲೆಯ ಬಾಗಿಲಲ್ಲಿದ್ದಳು. ಹಿಂದಿನ ಸಂಜೆ, "ಈ ಸಲ ಏನ್ ಬರ್ದೀಯೋ?" ಎಂದು ಕೇಳಿದ್ದಳು. ಏನೂ ಬರೆದಿಲ್ಲವೆಂದಾಗ, "ಹಂಗಾದ್ರ ಹೋಗ್ಬೇಕಾಗ್ತದ" ಎಂದಳು. ಅದು ಅವಳ ಕೊನೆಯ ಮತವಾಯಿತು.

ಅಫಜಲಪುರದ ಕಥೆಯು ಬೇರೆ ಬಗೆಯದು. ಅಲ್ಲಿ 2013ರಲ್ಲಿ ಮಾಲೀಕಯ್ಯ ಗುತ್ತೇದಾರರೂ ಎಂ. ವೈ. ಪಾಟೀಲರೂ ಎದುರುಬದುರಾಗಿದ್ದರು, 2018ರಲ್ಲಿಯೂ ಅವರಿಬ್ಬರೇ ಎದುರುಬದುರಾದರು. ಈ ನಡುವೆ ಗುತ್ತೇದಾರರು ಕಾಂಗ್ರೆಸ್ಸನ್ನು ಬಿಟ್ಟು ಭಾರತೀಯ ಜನತಾ ಪಕ್ಷಕ್ಕೆ ಹೋಗಿದ್ದರು, ಪಾಟೀಲರು ಕಾಂಗ್ರೆಸ್ಸಿಗೆ ಬಂದಿದ್ದರು! ಪಕ್ಷದ ಮತ, ವ್ಯಕ್ತಿಯ ಮತ ಎಂದು ಬೇರೆ ಬೇರೆ ಕಂಬಗಳಲ್ಲಿ ಲೆಕ್ಕ ಬರೆದಿದ್ದ ಪಂಡಿತರು ಕಾಗದವನ್ನು ಹರಿದು ಮೊದಲಿನಿಂದ ತೊಡಗಬೇಕಾಯಿತು. ಗೆದ್ದವರು ಪಾಟೀಲರು. 2023ರಲ್ಲಿ ಗುತ್ತೇದಾರರ ಸಹೋದರ ನಿತಿನ್ ಗುತ್ತೇದಾರರು ಸ್ವತಂತ್ರರಾಗಿ ಅಣ್ಣನೆದುರಿಗೇ ನಿಂತು ಅವರಿಗಿಂತ ಹೆಚ್ಚು ಮತ ಪಡೆದರು. ಗೆದ್ದವರು ಮತ್ತೆ ಪಾಟೀಲರೇ. ಆ ಬೇಸಗೆಯಲ್ಲಿ ಅಕ್ಕನ ಮನೆಗೆ ಹೋದಾಗ ಹಳೆಯ ಚಟ ತಲೆಯೆತ್ತಿ, ಓಣಿಯ ಒಲವು ಯಾರ ಕಡೆಗಿದೆಯೆಂದು ಕೇಳಿದೆನು. ರೊಟ್ಟಿ ಬಡಿಯುತ್ತಿದ್ದ ಅಕ್ಕನು ತಲೆಯೆತ್ತದೆ, "ಕೇಳಿ ಏನ್ ಮಾಡ್ತಿ? ಅವ್ವ ಹೇಳಿ ಹೋಗ್ಯಾಳ ನನಗ" ಎಂದಳು.

ಆಳಂದದಲ್ಲಿ 2018ರ ಗೆಲುವಿನ ಅಂತರ 697. ಬಿ. ಆರ್. ಪಾಟೀಲರೆದುರು ಸುಭಾಷ ಗುತ್ತೇದಾರರು ಗೆದ್ದಿದ್ದರು. ಅಷ್ಟು ಸಣ್ಣ ಅಂತರದ ಕ್ಷೇತ್ರದಲ್ಲಿ ಮುಂದಿನ ಚುನಾವಣೆಯ ಬಗ್ಗೆ ಎಷ್ಟು ಭಾಷ್ಯವಾಗಿರಬಹುದೆಂಬುದನ್ನು ವಾಚಕರೇ ಊಹಿಸಬಹುದು. ಆಗ ಕಟ್ಟೆಯು ಮೊಬೈಲಿನೊಳಕ್ಕೆ ಬಂದಿತ್ತು. ಭಾವಮೈದುನನ ವಾಟ್ಸಾಪಿನಲ್ಲಿ ಬೆಳಗಾಗುವಷ್ಟರಲ್ಲಿ ನೂರು ಲೆಕ್ಕಗಳು ಬಂದು ಬೀಳುತ್ತಿದ್ದವು. ಅವುಗಳಲ್ಲೆಲ್ಲ ಓಣಿಗಳಿದ್ದವು, ಸಮಾಜಗಳಿದ್ದವು, ಗೌಡರಿದ್ದರು. ಆದರೆ ಆ ಹೊತ್ತಿನಲ್ಲಿ ತಾಲ್ಲೂಕಿನಲ್ಲಿ ನಿಜವಾಗಿ ನಡೆಯುತ್ತಿದ್ದ ಸಂಗತಿಯು ಆ ನೂರರಲ್ಲಿ ಒಂದರಲ್ಲಿಯೂ ಇರಲಿಲ್ಲ. ಅದನ್ನು ಕಂಡವಳು ಒಂದು ಮತಗಟ್ಟೆಯ ಪಟ್ಟಿಯನ್ನು ನೋಡಿಕೊಳ್ಳುವ ಕೆಲಸದ ಹೆಣ್ಣುಮಗಳು. ಬದುಕಿ ಊರಲ್ಲಿಯೇ ಇದ್ದ ತನ್ನ ಬಂಧುವಿನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು 7ನೆಯ ನಮೂನೆಯ ಅರ್ಜಿ ಬಂದುದನ್ನು ಅವಳು ಕಂಡಳು. ಅರ್ಜಿಯಲ್ಲಿದ್ದುದು ನೆರೆಯವರ ಹೆಸರು. ಆ ನೆರೆಯವರಿಗೆ ಅದರ ಸುದ್ದಿಯೇ ಇರಲಿಲ್ಲ.

ಹುಡುಕಿದಾಗ ಅಂತಹ ಅರ್ಜಿಗಳು 6,018 ದೊರೆತವು. ಅಧಿಕಾರಿಗಳು ವಿಚಾರಿಸಲಾಗಿ ಸರಿಯಾದವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರವರಿಯಲ್ಲಿ ಆಳಂದದ ಠಾಣೆಯಲ್ಲಿ ದೂರು ದಾಖಲಾಯಿತು. ಮೇ ತಿಂಗಳಿನಲ್ಲಿ ಪಾಟೀಲರು 10,348 ಮತಗಳ ಅಂತರದಿಂದ ಗೆದ್ದರು. ಎರಡು ವರ್ಷಗಳ ತರುವಾಯ, 2025ರ ಸೆಪ್ಟೆಂಬರಿನಲ್ಲಿ, ರಾಹುಲ್ ಗಾಂಧಿಯವರು ದೆಹಲಿಯಲ್ಲಿ ಇದನ್ನು ಎತ್ತಿ ಆಡಿದ ಮೇಲೆ ದೇಶಕ್ಕೆಲ್ಲ ಆಳಂದದ ಹೆಸರು ತಿಳಿಯಿತು, ರಾಜ್ಯ ಸರಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿತು. ಅರ್ಜಿಯೊಂದಕ್ಕೆ 80 ರೂಪಾಯಿಯಂತೆ ಹಣ ಸಂದಿತ್ತೆಂದು ತನಿಖೆಯವರು ಕಂಡುಕೊಂಡುದಾಗಿ ಪತ್ರಿಕೆಗಳು ಬರೆದವು. ತಪ್ಪು ಯಾರದೆಂಬುದನ್ನು ನ್ಯಾಯಾಲಯವೇ ಹೇಳಬೇಕು. ನಾನು ತೀರ್ಪನ್ನು ಮುಂಚಿತವಾಗಿ ಬರೆಯುವವನಲ್ಲ. ಆದರೆ ನೆರೆಮನೆಯವರ ಹೆಸರಿನಿಂದಲೇ ನೆರೆಮನೆಯವರ ಹೆಸರನ್ನು ಅಳಿಸಹೋದ ಆ ಬಗೆಯು ನನ್ನ ಮನಸ್ಸಿನಿಂದ ಹೋಗಲೊಲ್ಲದು. ಮೊದಲ ಚುನಾವಣೆಯ ಕಾಲಕ್ಕೆ, ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಲ್ಲದೆ ಸ್ವಂತ ಹೆಸರು ಹೇಳಲೊಲ್ಲದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರಂತೆ. ಅವರು ಹೆಸರು ಹೇಳಲು ನಾಚಿ ಮತವನ್ನು ಕಳೆದುಕೊಂಡರು. ಇಲ್ಲಿ ಹೇಳಿ ಬರೆಯಿಸಿದವರ ಹೆಸರಿಗೂ ಕಾವಲು ಬೇಕಾಯಿತು.

ದೂರಿನ ಸುದ್ದಿ ಬಂದ ಮರುತಿಂಗಳು ನಾನು ಆಳಂದಕ್ಕೆ ಹೋದೆನು. ಭಾವಮೈದುನನು ಆ ಮತಗಟ್ಟೆಯ ಪಟ್ಟಿಯನ್ನು ಝೆರಾಕ್ಸ್ ಅಂಗಡಿಯಲ್ಲಿ ತೆಗೆಯಿಸಿಕೊಂಡು ತಂದಿದ್ದನು. ಅತ್ತೆಯವರಿಗೆ ಎಂಬತ್ತು ದಾಟಿದೆ, ಅಕ್ಷರ ಬಾರದು. ಊಟಕ್ಕೆ ಎಡೆ ಮಾಡಿದ್ದರು. ಆದರೂ, "ಮೊದಲ ನಂದು ಅದ ಏನ್ ನೋಡ್ರಿ" ಎಂದರು. ಮನೆಯ ಅಂಕಿ ಹಿಡಿದು ಹುಡುಕಿ, ಅವರ ಹೆಸರನ್ನು ಗಂಡನ ಹೆಸರು ಸಹಿತ ಓದಿದೆನು. ವಯಸ್ಸನ್ನು ಮಾತ್ರ ಆರು ವರ್ಷ ಕಡಿಮೆ ಹಾಕಿದ್ದರು. ಅದನ್ನು ತಿದ್ದಿಸುವುದು ಬೇಡವೆಂದರು.

"ಬಾಜೂ ಮನಿ ಆಕಿದು?" ಎಂದರು. ಅದೂ ಇತ್ತು. "ಆಕಿ ಸೊಸೀದು?" ಅದು ಮುಂದಿನ ಹಾಳೆಯಲ್ಲಿತ್ತು. ಎದುರು ಮನೆಯ ಮುದುಕನದು, ಕಿರಾಣಿ ಅಂಗಡಿಯವರದು, ಮೂಲೆಯ ಮನೆಯ ಹೊಸ ಮದುಮಗಳದು—ಅತ್ತೆಯವರು ಒಂದೊಂದೇ ಹೆಸರು ಹೇಳುತ್ತ ಹೋದರು, ನಾನು ಬೆರಳಿಟ್ಟು ಹುಡುಕುತ್ತ ಹೋದೆನು. ಓಣಿ ಮುಗಿಯುವ ಹೊತ್ತಿಗೆ ರೊಟ್ಟಿ ಆರಿದ್ದವು.