ಸಹಿ ಇಲ್ಲದ ತೀರ್ಪು

ನನ್ನ ಮಗಳು ಜಡ್ಜ್ ಪರೀಕ್ಷೆಗೆ ಕೂತಿದ್ದಾಳೆಂಬ ಸುದ್ದಿ ಐಗಳಿಯಲ್ಲಿ ಹಬ್ಬಲು ಒಂದು ಹಗಲೂ ಹಿಡಿಯಲಿಲ್ಲ. ತವರಿಗೆ ಹೋದಾಗ ಓಣಿಯ ಹಿರಿಯ ಹೆಂಗಸೊಬ್ಬರು ನನ್ನ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿಕೊಂಡು, "ಚಿಕ್ಕೋಡಿ ಎಸಿ ಸಾಹೇಬ್ರ ಖುರ್ಚಿ ಮ್ಯಾಲ ಕುಂಡ್ರತಾಳೇನವಾ ನಿನ್ನ ಮಗಳು?" ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಹೊಲದ ತಂಟೆ ಎಂದರೆ ಮೊದಲು ನೆನಪಾಗುವುದು ತಹಸೀಲ್ದಾರರು, ಆಮೇಲೆ ಎಸಿ ಸಾಹೇಬರು. ಉತಾರದಲ್ಲಿ ಹೆಸರು ಏರಿಸಿದ್ದು ಸರಿಯಲ್ಲವೆಂದು ಅಪೀಲು ಹೋಗುವುದು ಅಲ್ಲಿಗೇ. ಅದು ಆಡಳಿತದವರು ನಡೆಸುವ ಕೋರ್ಟು; ಅಲ್ಲಿ ಕೂಡುವವರು ಆಡಳಿತ ಸೇವೆಯಿಂದ ಬಂದವರು. ಹೊಲ ಯಾರದು, ಯಾರಿಗೆ ಎಷ್ಟು ಪಾಲು ಎಂದು ಕಡೆಗೆ ತೀರ್ಮಾನಿಸುವುದು ಸಿವಿಲ್ ಕೋರ್ಟು. ಹಳೆಯ ಮಂದಿ ಅದನ್ನು ಈಗಲೂ ಮುನಸೀಫ ಕೋರ್ಟು ಎನ್ನುತ್ತಾರೆ. ನನ್ನ ಮಗಳು ಕಟ್ಟಿದ್ದು ಹೈಕೋರ್ಟಿನವರು ನಡೆಸುವ ಆ ಸಿವಿಲ್ ಜಡ್ಜ್ ಪರೀಕ್ಷೆಗೆ. ಇಷ್ಟೆಲ್ಲ ವಿವರಿಸಿದ ಮೇಲೆ ಆ ಅಜ್ಜಿ ಅಂದದ್ದು ಒಂದೇ ಮಾತು: "ಯಾವುದರೆ ಇರ್ಲಿ, ಹೆಣ್ಣಮಕ್ಕಳ ಮಾತು ಒಂಚೂರು ಕೇಳಂತ ಹೇಳವಾ."

ನಾನು ಮೂವತ್ತು ವರ್ಷ ಮಕ್ಕಳಿಗೆ ಪರೀಕ್ಷೆ ಬರೆಸಿದವಳು. ಪರೀಕ್ಷೆಯೆಂದರೆ ನನಗೆ ಹೆದರಿಕೆಯಿಲ್ಲ. ಆದರೆ ಈ ಪರೀಕ್ಷೆಯ ರೀತಿಯೇ ಬೇರೆ. ಮೊದಲನೆಯದು ಪೂರ್ವಭಾವಿ, ನೂರು ಅಂಕದ್ದು, ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವುದು. ಅದು ಬರೀ ಜರಡಿ. ಅದರಲ್ಲಿ ಉಳಿದವರಷ್ಟೇ ಮುಂದಿನದಕ್ಕೆ ಹೋಗುತ್ತಾರೆ, ಆದರೆ ಅಲ್ಲಿ ತೆಗೆದ ಅಂಕ ಕೊನೆಯ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಸಲ ನನ್ನ ಮಗಳು ಆ ಜರಡಿಯಲ್ಲೇ ಕೆಳಗೆ ಬಿದ್ದಳು. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅಥಣಿ ಕೋರ್ಟಿಗೆ ಯಾರದೋ ಕೇಸಿಗೆ ಹೋಗಲೇಬೇಕಾಗಿತ್ತು. ಕರಿ ಕೋಟು ಹಾಕಿಕೊಂಡು ಎದ್ದು ಹೋದಳು, ಸಂಜೆ ಬಂದು ತಾನೇ ತಾಟು ಹಾಕಿಕೊಂಡು ಉಂಡಳು.

ಎರಡನೆಯ ಸಲ ಓದುವಾಗ ಇನ್ನೊಂದು ಪೇಚು ಬಂತು. 2024ರ ಜುಲೈ 1ರಿಂದ ದೇಶದ ದಂಡಸಂಹಿತೆಯೇ ಬದಲಾಯಿತು. ಬಾಯಿಪಾಠ ಮಾಡಿದ ಕಲಮುಗಳೆಲ್ಲ ಮನೆ ಬದಲಿಸಿದವು. ಕೊಲೆಯ 302 ಈಗ 103, ಮೋಸದ 420 ಈಗ 318. ನಮ್ಮ ಮಂದಿ ಬೈಯುವುದಕ್ಕೂ 420 ಬೇಕಲ್ಲ! "ಇನ್ನ ಮ್ಯಾಲ ಯಾರನ್ನರೆ ಬೈಬೇಕಾದರ ತ್ರೀನ್ನೂರ ಹದಿನೆಂಟ ಅನ್ಬೇಕವ್ವಾ" ಎಂದು ಮಗಳು ನಗಿಸಿದಳು. ನಕ್ಕಳೇನೋ ನಿಜ, ಆದರೆ ರಾತ್ರಿ ಎರಡರ ತನಕ ದೀಪ ಉರಿಯುತ್ತಿತ್ತು. ಹಳೆಯ ಪ್ರಕರಣಗಳು ಹಳೆಯ ಕಾಯ್ದೆಯಡಿಯೇ ನಡೆಯುವುದರಿಂದ ಎರಡನ್ನೂ ತಲೆಯಲ್ಲಿಟ್ಟುಕೊಳ್ಳಬೇಕಂತೆ.

ಪೂರ್ವಭಾವಿ ದಾಟಿದ ಮೇಲೆ ಬರುವುದು ಮುಖ್ಯ ಪರೀಕ್ಷೆ, ಕೈಯಿಂದ ಬರೆಯುವುದು. ನೂರು ನೂರು ಅಂಕದ ನಾಲ್ಕು ಪತ್ರಿಕೆ. ಒಂದು ಭಾಷಾಂತರ, ಒಂದು ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯೆ, ಸಾಕ್ಷ್ಯ, ಸಂವಿಧಾನ ಇತ್ಯಾದಿ, ಇನ್ನೆರಡು ತೀರ್ಪು ಬರೆಯುವುದು, ಒಂದು ಸಿವಿಲ್, ಇನ್ನೊಂದು ಕ್ರಿಮಿನಲ್. ಅದರಾಚೆ ಮೌಖಿಕ. ಹೊಸದಾಗಿ ಕಾಲೇಜಿನಿಂದ ಬಂದವರಿಗೆ ಈ ಹಾದಿ ಈಗ ಇನ್ನೂ ಉದ್ದವಾಗಿದೆ. ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕೆಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ಹೇಳಿತು. ನನ್ನ ಮಗಳು ಅದಾಗಲೇ ಆರು ವರ್ಷ ಅಥಣಿ ಕೋರ್ಟಿನ ಬೇವಿನ ನೆರಳಲ್ಲಿ ಕಕ್ಷಿದಾರರ ಜೊತೆ ಕಳೆದವಳು, ಅವಳಿಗೆ ಅದರ ತೊಡಕಿರಲಿಲ್ಲ.

ಭಾಷಾಂತರ ಎಂದಾಗ ನಾನು, ಇದೇನು ಮಹಾ ಎಂದುಕೊಂಡೆ. ಕನ್ನಡ ಕಲಿಸಿದವಳ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಕನ್ನಡ ಬರದೆ? ಆದರೆ ಅಲ್ಲಿ ಕೊಡುವುದು ಕಥೆ ಕವಿತೆಯಲ್ಲ. ಸಾಕ್ಷಿಯ ಹೇಳಿಕೆ, ಕಾಗದಪತ್ರ, ತೀರ್ಪಿನ ತುಣುಕು. ಕನ್ನಡದ್ದು ಇಂಗ್ಲಿಷಿಗೆ, ಇಂಗ್ಲಿಷಿನದು ಕನ್ನಡಕ್ಕೆ. ನಾವಿಬ್ಬರೂ ಅಡಿಗೆಮನೆಯಲ್ಲಿ ಕೂತು ಅಭ್ಯಾಸ ಮಾಡಿದೆವು. ನಾನು ರೊಟ್ಟಿ ಬಡಿಯುತ್ತ ಸಾಕ್ಷಿಯಾಗುತ್ತಿದ್ದೆ, ಅವಳು ಬರೆದುಕೊಳ್ಳುತ್ತಿದ್ದಳು. "ಅವತ್ತ ಹೊತ್ತ ಮುಳಗೂ ಮುಂದ ನಾನು ಬಾಂದಕ್ಕ ಬಂದೆ, ಅವ ಕೈಯಾಗ ಕುಡಗೋಲು ಹಿಡಕೊಂಡು ನಿಂತಿದ್ದ" ಎಂದೆ. ಅವಳು ಇಂಗ್ಲಿಷಿನಲ್ಲಿ, ಆತ ಕುಡುಗೋಲಿನಿಂದ ಹೆದರಿಸುತ್ತಿದ್ದ ಎಂದು ಬರೆದಳು. ನಾನು ಲಟ್ಟಿಸುವುದು ಬಿಟ್ಟು ಕೇಳಿದೆ: "ನಾ ಹೆದರಿಸಿದಾ ಅಂದ್ನೇನು? ಹಿಡಕೊಂಡು ನಿಂತಿದ್ದಾ ಅಂದೆ. ಮೇವು ಕೊಯ್ಯಾಕ ಬಂದಿದ್ದರೆ?" ಅವಳು ಪೆನ್ನು ಕೆಳಗಿಟ್ಟಳು. ಕೋರ್ಟಿನಲ್ಲಿ ದಿನಾ ನೋಡುತ್ತೇನೆ ಅವ್ವಾ, ಸಾಕ್ಷಿ ಒಂದು ಹೇಳುತ್ತಾಳೆ, ಕಾಗದದಲ್ಲಿ ಇನ್ನೊಂದು ಆಗಿರುತ್ತದೆ, ಈಗ ನಾನೂ ಅದನ್ನೇ ಮಾಡಿದೆ ಎಂದಳು.

ಗಡಿಭಾಗದ ಶಬ್ದಗಳದು ಮತ್ತೊಂದು ತಾಪತ್ರಯ. ನಾವು ಬಾಂದ ಅನ್ನುವುದಕ್ಕೆ ಮೈಸೂರ ಕಡೆ ಬದು ಅನ್ನುತ್ತಾರೆ. ನಮ್ಮ ಉತಾರ ಅವರಿಗೆ ಪಹಣಿ. ನಮ್ಮ ವಾಟ್ನಿ ಅವರಿಗೆ ವಿಭಾಗ ಪತ್ರ. ಒಂದು ವಹಿ ಮಾಡಿ ಎಲ್ಲ ಬರೆದಿಟ್ಟೆವು. ಅದರಲ್ಲಿ ಬಂದ ಒಂದು ಶಬ್ದದ ಮುಂದೆ ನಾನು ತುಸು ಹೊತ್ತು ಸುಮ್ಮನಾದೆ. ಹಕ್ಕಸೋಡ ಪತ್ರ. ಅವಳು ಅದರೆದುರು "ಹಕ್ಕು ಬಿಡುಗಡೆ ಪತ್ರ, ರಿಲಿಂಕ್ವಿಶ್‌ಮೆಂಟ್ ಡೀಡ್" ಎಂದು ಬರೆದು ಮುಂದಿನ ಶಬ್ದಕ್ಕೆ ಹೋದಳು.

ಆ ಪತ್ರ ನಾನೂ ಬರೆದುಕೊಟ್ಟವಳು. ಅಪ್ಪ 1996ರಲ್ಲಿ ತೀರಿಕೊಂಡ. ಮರುವರ್ಷ ಅಣ್ಣ ನನ್ನನ್ನೂ ಅಕ್ಕನನ್ನೂ ಅಥಣಿಗೆ ಕರೆದುಕೊಂಡು ಹೋದ. ಬರಹಗಾರ ಎಲ್ಲ ಸಿದ್ಧ ಮಾಡಿ ಇಟ್ಟಿದ್ದ. ನೋಂದಣಿ ಅಧಿಕಾರಿ, "ಸ್ವಖುಷಿಯಿಂದ ಕೊಡತೀರೇನ್ರಿ?" ಎಂದು ಕೇಳಿದರು. "ಹೌದ್ರಿ" ಎಂದೆವು. ಅಕ್ಕ ಹೆಬ್ಬೆಟ್ಟು ಒತ್ತಿದಳು, ನಾನು ದುಂಡಗೆ ಸಹಿ ಮಾಡಿದೆ. ಆಮೇಲೆ ಖಾನಾವಳಿಯಲ್ಲಿ ಊಟ, ಇಬ್ಬರಿಗೂ ಒಂದೊಂದು ಇಳಕಲ್ ಸೀರೆ, ಖಣ. ಯಾರೂ ಹೆದರಿಸಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಕೊಡುತ್ತೀಯಾ ಎಂದು ಮನೆಯಲ್ಲಿ ಯಾರೂ ಕೇಳಲೂ ಇಲ್ಲ, ಅಷ್ಟೆ. ಆಗ ಅದು ಮಳೆ ಬಂದರೆ ಜೋಳ ಕೊಡುತ್ತಿದ್ದ ಹೊಲ. ಈಗ ಬೋರು ಬಿದ್ದು ದ್ರಾಕ್ಷಿ ಪಡ ಆಗಿದೆ. ಪಂಚಮಿಗೆ ಕರೆಯಲು ಅಣ್ಣ ಒಂದು ವರ್ಷವೂ ತಪ್ಪಿಸಿಲ್ಲ. ಓದುವ ಅಕ್ಕತಂಗಿಯರೇ, ನಿಮ್ಮಲ್ಲಿ ಎಷ್ಟು ಜನ ಇಂಥ ಸಹಿ ಮಾಡಿಲ್ಲ ಹೇಳಿ?

ಸಿವಿಲ್ ತೀರ್ಪಿನ ಪತ್ರಿಕೆಗೆ ಅವಳು ದಿನಕ್ಕೊಂದರಂತೆ ಬರೆದು ನನ್ನ ಕೈಗೆ ಕೊಡುತ್ತಿದ್ದಳು. ಕಾನೂನು ನನಗೆ ತಿಳಿಯದು. ಆದರೆ ಓದುವವರಿಗೆ ತಿಳಿಯುವಂತಿದೆಯೋ ಇಲ್ಲವೋ ಹೇಳು ಎನ್ನುತ್ತಿದ್ದಳು. ಪ್ರಶ್ನೆಯಲ್ಲಿ ವಾದಿಯ ಕಥೆ, ಪ್ರತಿವಾದಿಯ ಉತ್ತರ, ಇಬ್ಬರ ಸಾಕ್ಷಿ, ಕಾಗದಪತ್ರಗಳ ಪಟ್ಟಿ ಇರುತ್ತದೆ. ಬರೆಯುವವರು ಮೊದಲು ಇಶ್ಯೂ ತೆಗೆಯಬೇಕು. ಎಂದರೆ ಇವರಿಬ್ಬರ ಜಗಳ ನಿಜಕ್ಕೂ ಯಾವ ಮಾತಿನ ಮೇಲೆ ನಿಂತಿದೆ, ಅದನ್ನು ಯಾರು ಸಾಬೀತು ಮಾಡಬೇಕು ಎಂದು. ಅದು ತಪ್ಪಿದರೆ ಮುಂದಿನ ಎಷ್ಟು ಪುಟ ಬರೆದರೂ ನೀರಲ್ಲಿ ಹೋಮ. ಆಮೇಲೆ ಒಂದೊಂದಕ್ಕೂ ಕಾರಣ ಕೊಟ್ಟು ಉತ್ತರ, ಕಡೆಗೆ ಆದೇಶ. ಗಡಿಯಾರ ನೋಡುತ್ತ ಬರೆಯಬೇಕು. ಕಥೆಯನ್ನೇ ಮತ್ತೆ ಬರೆಯುತ್ತ ಕೂತು ಆದೇಶಕ್ಕೆ ಹೊತ್ತೇ ಉಳಿಯದವರು ಬಹಳ ಜನವಂತೆ. ಇನ್ನೊಂದು ವಿಚಿತ್ರ, ಉತ್ತರದೊಳಗೆ ಎಲ್ಲಿಯೂ ಹೆಸರು, ಸಹಿ ಹಾಕಬಾರದು. ಗುರುತು ಸಿಕ್ಕೀತೆಂದು. ಜಡ್ಜ್ ಆದ ಮೇಲೆ ಸಹಿಯಿಲ್ಲದ ತೀರ್ಪು ತೀರ್ಪೇ ಅಲ್ಲ. ಪರೀಕ್ಷೆಯಲ್ಲಿ ಸಹಿ ಮಾಡಿದರೆ ಕೆಟ್ಟಿತು.

ಒಂದು ರಾತ್ರಿ ಕೊಟ್ಟ ತೀರ್ಪು ಓದುತ್ತ ಓದುತ್ತ ನನ್ನ ಕೈ ನಿಂತಿತು. ತಂಗಿ ವಾದಿ, ಅಣ್ಣ ಪ್ರತಿವಾದಿ. ತಂದೆ ಸತ್ತ ಮೇಲೆ, 1999ರಲ್ಲಿ ತಂಗಿ ನೋಂದಣಿಯಾದ ಪತ್ರದಿಂದ ಹಕ್ಕು ಬಿಟ್ಟಿದ್ದಾಳೆ. 2021ರಲ್ಲಿ ಸಮಪಾಲು ಕೇಳಿ ದಾವಾ ಹಾಕಿದ್ದಾಳೆ. ಓದಿ ಹೇಳಲಿಲ್ಲ, ರೊಕ್ಕ ಕೊಡಲಿಲ್ಲ, ನಂಬಿ ಸಹಿ ಮಾಡಿದೆ ಎನ್ನುತ್ತಾಳೆ. ಅಣ್ಣ, ಮದುವೆ ಖರ್ಚು ನನ್ನದು, ಇಷ್ಟು ವರ್ಷ ಏಕೆ ಸುಮ್ಮನಿದ್ದಳು ಎನ್ನುತ್ತಾನೆ. ಪುಸ್ತಕದಲ್ಲಿನ ಮಾದರಿ ಪ್ರಶ್ನೆ ಅದು. ಇಂಥ ದಾವಾ ಇಲ್ಲದ ಕೋರ್ಟು ಇಲ್ಲ. ಆದರೂ ಎದೆ ಡವಡವ ಎಂದಿತು.

ಮಗಳು ನಾಲ್ಕು ಇಶ್ಯೂ ತೆಗೆದಿದ್ದಳು. ಹುಟ್ಟಿನಿಂದಲೇ ಮಗಳಿಗೆ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳುತ್ತದೆ, ತಂದೆ ಆಗ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ ಎಂದು ಮೊದಲು ಬರೆದಿದ್ದಳು. ನಾನು ಗೆದ್ದೆ ಎಂದುಕೊಂಡೆ. ಪುಟ ತಿರುವಿದರೆ, 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆಗಿಹೋದ ವಿಲೇವಾರಿಯನ್ನು ಅದೇ ತಿದ್ದುಪಡಿ ಮುಟ್ಟುವುದಿಲ್ಲ ಎಂದಿತ್ತು. ಸಹಿ ತನ್ನದೆಂದು ವಾದಿ ಪಾಟೀಸವಾಲಿನಲ್ಲಿ ಒಪ್ಪಿದ್ದಾಳೆ, ಮೋಸವೆಂಬುದಕ್ಕೆ ಪುರಾವೆಯಿಲ್ಲ, ಪತ್ರ ರದ್ದು ಮಾಡಿಸಲು ಸಂಗತಿ ತಿಳಿದ ಮೇಲೆ ಮೂರು ವರ್ಷದೊಳಗೆ ಬರಬೇಕಿತ್ತು, ಬಂದಿಲ್ಲ. ದಾವಾ ವಜಾ. ಕೊನೆಯ ಸಾಲು: ಪಕ್ಷಕಾರರು ಒಡಹುಟ್ಟಿದವರಾದ್ದರಿಂದ ಖರ್ಚು ಅವರವರದೇ.

"ಯಾಕವಾ ಸೋಲಿಸಿದಿ ಅಕಿನ್ನ?" ಎಂದೆ.

"ಕಾಗದ ಹಂಗ ಐತಿ ಅವ್ವಾ."

"ಅಕಿ ಓದಿರಲಿಲ್ಲಂತ."

"ಅಕಿ ಸಾಲಿ ಮಾಸ್ತರತಿ ಅಂತ ಪ್ರಶ್ನೆದಾಗ ಕೊಟ್ಟಾರ. ಅಕ್ಷರ ಬಲ್ಲಾಕಿ. ಹೆಬ್ಬಟ್ಟು ಒತ್ತಿದಾಕಿ ಆಗಿದ್ರ ಬ್ಯಾರೆ ವಿಚಾರ ಮಾಡಬಹುದಿತ್ತು."

ನಾನು ಕನ್ನಡಕ ತೆಗೆದೆ. ಆಗ ಅವಳಿಗೆ ಹೊಳೆಯಿತು. ನನ್ನ ಪತ್ರದ ವಿಷಯ ಅವಳಿಗೆ ಗೊತ್ತಿತ್ತು. ಬರೆಯುವಾಗ ನೆನಪಾಗಿರಲಿಲ್ಲವಂತೆ. ಹಾಗೆಂದಳು, ನಾನೂ ನಂಬಿದೆ. ಹಾಳೆ ಕಸಿದುಕೊಂಡು, "ಬ್ಯಾರೆ ಬರದ ಕೊಡ್ತೀನಿ" ಎಂದಳು. "ಬ್ಯಾಡ. ತೀರ್ಪು ಸರಿ ಐತಿ. ಮೂರನೇ ಇಶ್ಯೂದಾಗ ಒಂದು ವಾಕ್ಯ ಭಾಳ ಉದ್ದ ಆಗೇತಿ, ಮುರಿ" ಎಂದು ಹೇಳಿ ಮಲಗಲು ಹೋದೆ. ನಿದ್ದೆ ಬರಲಿಲ್ಲ. ತೀರ್ಪು ಬೇರೆಯಾಗಿದ್ದರೆ ಅಣ್ಣನ ಮೇಲೆ ದಾವಾ ಹಾಕುತ್ತಿದ್ದೆನೇ? ಖಂಡಿತ ಇಲ್ಲ. ಹಾಗಾದರೆ ಏಕೆ ಕೆಟ್ಟೆನಿಸಿತು ಎಂದು ಬೆಳಗಿನ ತನಕ ಯೋಚಿಸಿದೆ. ನಾನು ಕೊಟ್ಟೆ ಎಂದುಕೊಂಡಿದ್ದು ಕೊಟ್ಟಿದ್ದಲ್ಲ, ಬಿಟ್ಟಿದ್ದು. ಪತ್ರದ ಹೆಸರೇ ಹಾಗಿದೆ.

ಮುಖ್ಯ ಪರೀಕ್ಷೆಗೆ ಕುಡಚಿಯಿಂದ ರಾಣಿ ಚನ್ನಮ್ಮ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ಕೇಂದ್ರದ ಹೊರಗೆ ಗಿಡದ ಕೆಳಗೆ ನಮ್ಮದೇ ಒಂದು ಸಂತೆ. ಒಬ್ಬ ಹುಡುಗ ಹೆಗಲ ಮೇಲೆ ಎಳೆಗೂಸು ಹಾಕಿಕೊಂಡು ತೂಗುತ್ತ ನಿಂತಿದ್ದ, ಒಳಗೆ ಹೆಂಡತಿ ತೀರ್ಪು ಬರೆಯುತ್ತಿದ್ದಾಳೆ. ಕೋಲಾರದ ಅತ್ತೆಯೊಬ್ಬರು ಸೊಸೆಗೆಂದು ಬುತ್ತಿ ಹಿಡಿದು ಕೂತಿದ್ದರು. ನನಗೆ ಹಳೆಯದೆಲ್ಲ ನೆನಪಾಯಿತು. ಕಾರ್ನೇಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದವರು. ಹೆಂಗಸರು ವಕೀಲರಾಗಬಹುದೆಂಬ ಕಾಯ್ದೆ ಬಂದದ್ದು 1923ರಲ್ಲಿ. ಅನ್ನಾ ಚಾಂಡಿ 1937ರಲ್ಲಿ ತಿರುವಾಂಕೂರಿನಲ್ಲಿ ಮುನಸೀಫರಾದರು. ನಮ್ಮ ಬಳ್ಳಾರಿಯಲ್ಲಿ ವಕೀಲಿಕೆ ಮಾಡಿದ ಮಂಜುಳಾ ಚೆಲ್ಲೂರ್ 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಕೋಲಾರದ ಅತ್ತೆಗೆ ಇದನ್ನೆಲ್ಲ ಹೇಳಿದೆ. ಅವರು, "ಅದಿರಲಿ ಅಮ್ಮಾ, ಒಳಗೆ ಫ್ಯಾನ್ ಇದ್ಯಂತಾ?" ಎಂದರು.

ಭಾಷಾಂತರದ ದಿನ ಮಗಳು ಮುಖ ಸಣ್ಣದು ಮಾಡಿಕೊಂಡು ಬಂದಳು. ಒಂದು ಶಬ್ದಕ್ಕೆ ಸಿಕ್ಕಿಬಿದ್ದು ಕಾಲು ತಾಸು ಹೋಯಿತಂತೆ. ಸಿವಿಲ್ ತೀರ್ಪಿನ ದಿನ ಮುಖ ನೋಡಿ ಏನೂ ಹೇಳಲಾಗಲಿಲ್ಲ. ನಾನೂ ಕೇಳಲಿಲ್ಲ.

ತಿರುಗಿ ಬಂದಾಗ ಕುಡಚಿ ಸ್ಟೇಶನ್ನಿಗೆ ಅಣ್ಣ ಗಾಡಿ ತಂದಿದ್ದ. ಹಿಂದಿನ ಸೀಟಿನಲ್ಲಿ ಒಣದ್ರಾಕ್ಷಿಯ ಡಬ್ಬಿ. "ಏನ ಜಡ್ಜಸಾಬ್ರ, ಯಾ ಕೇಸ ಕೊಟ್ಟಿದ್ರು?" ಎಂದ.

ಅವಳು ಒಮ್ಮೆ ನನ್ನ ಮುಖ ನೋಡಿದಳು. "ವಾಟ್ನಿ ಕೇಸು, ಮಾಮಾ. ಅಣ್ಣ ತಂಗೀದು."

"ಯಾರು ಗೆದ್ದರು?"

"ಈ ಸಲ ತಂಗಿ ಗೆದ್ಲು. ಅಕಿ ಸಹಿ ಮಾಡಿರಲಿಲ್ಲ."

ಅಣ್ಣ ಏನೂ ಅನ್ನಲಿಲ್ಲ. ಅಥಣಿ ದಾಟುವ ತನಕ ಗಾಡಿಯಲ್ಲಿ ಮಾತಿಲ್ಲ. ಊರು ಹತ್ತಿರ ಬಂದಾಗ ದ್ರಾಕ್ಷಿ ಪಡದ ಮಗ್ಗುಲಿಗೆ ಗಾಡಿ ನಿಲ್ಲಿಸಿ, "ತಂಗೆವ್ವ, ಆ ಮೂಲ್ಯಾಗಿನ ನಾಕು ಸಾಲು ಈ ವರ್ಷ ಹೊಸಾದ ಹಚ್ಚೀನಿ, ನೋಡ್ತಿಯೇನು?" ಎಂದ. ಬಿಸಿಲು ಬಹಳವಿತ್ತು. ಆದರೂ ಇಳಿದು ಹೋದೆ.