ಉಪ್ಪು ನೀರಿನ ಸಂಸಾರ

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮನು, ಮುಂಬಯಿಯ ಬಾಡಿಗೆ ಮನೆಯಲ್ಲಿ ಕಡಲ ಮೀನು ಸಾಕಲು ಹೊರಟವನೊಬ್ಬನನ್ನು ಕಂಡೇ ಕಟ್ಟಿರಬೇಕು. ಸಂಜೆ ಕಾಲೆಳೆದುಕೊಂಡು ಹೋದರೆ ಕಡಲು ಸಿಕ್ಕುವ ಊರು ನಮ್ಮದು. ಆದರೆ ಊರ ಕೊಳೆಯನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ ಆ ದಂಡೆಯ ನೀರು ಗಾಜಿನ ತೊಟ್ಟಿಗೆ ಒದಗುವುದಿಲ್ಲ. ಅಂಗಡಿಯಿಂದ ಉಪ್ಪು ತಂದು ಕಡಲನ್ನು ನಾವೇ ಕಲಸಿಕೊಳ್ಳಬೇಕು. ಅಡಿಗೆಯ ಉಪ್ಪಾದರೋ ನಡೆಯದು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದುವೆಲ್ಲ ಕಡಲಿನಲ್ಲಿರುವ ಪ್ರಮಾಣದಲ್ಲಿಯೇ ಬೆರೆತಿರುವ ಉಪ್ಪು ಬೇಕು. ಲೀಟರಿಗೆ ಸುಮಾರು 35 ಗ್ರಾಂ. ನನ್ನದು 100 ಲೀಟರಿನ ತೊಟ್ಟಿ. ಮೂರುವರೆ ಕಿಲೋ ಆಯಿತು. “ಇಷ್ಟು ಉಪ್ಪಿನಲ್ಲಿ ನಾಲ್ಕು ವರ್ಷದ ಉಪ್ಪಿನಕಾಯಿ ಹಾಕಬಹುದಿತ್ತು” ಎಂದು ನಮ್ಮ ಮನೆಯವರು ಅಂದದ್ದರಲ್ಲಿ ತಪ್ಪೇನೂ ಇಲ್ಲ.

ಈ ಹುಚ್ಚು ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿ ಈ ಊರಿಗೆ ಬಂದ ಹೊಸದರಲ್ಲಿ, ಮರೀನ್ ಡ್ರೈವಿನಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವನ್ನು ನೋಡಿ, ಗಾಜಿನ ಮುಂದೆ ಹೊತ್ತು ಹೋದದ್ದೇ ತಿಳಿಯದೆ ನಿಂತಿದ್ದೆ. ಈಚೆಗೆ ನನ್ನ ಎಂಟು ವರ್ಷದ ಮಗಳು ಪುಸ್ತಕವೊಂದರಲ್ಲಿ ಹವಳದ ದಿಬ್ಬದ ಚಿತ್ರ ನೋಡಿ, “ಅಪ್ಪಾ, ಇದನ್ನು ಮನೆಯಲ್ಲಿ ಮಾಡೋಣ” ಎಂದಳು. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ತಾಗಿದಂತಾಯಿತು.

ಗುಮಾಸ್ತನ ಸ್ವಭಾವವೆಂದರೆ ಮೊದಲು ಲೆಕ್ಕ, ಆಮೇಲೆ ಕೆಲಸ. 100 ಲೀಟರು ನೀರೆಂದರೆ 100 ಕಿಲೋ ಭಾರ. ಗಾಜು, ಮರಳು, ಕಲ್ಲು ಬೇರೆ. ಆದ್ದರಿಂದ ತೊಟ್ಟಿ ಗೋಡೆಯ ಮೂಲೆಗೆ, ಕಬ್ಬಿಣದ ಕಾಲಿನ ಮೇಜಿನ ಮೇಲೆ ಹೋಯಿತು. ನೀರು 25–26 ಡಿಗ್ರಿ ಇರಬೇಕು. ಮುಂಬಯಿಯ ಮೇ ತಿಂಗಳು ಆ ಮಾತನ್ನು ಕೇಳುವುದಿಲ್ಲ. ನೀರಿನ ಮೇಲೆ ಗಾಳಿ ಬೀಸುವಂತೆ ಪುಟ್ಟ ಪಂಖವೊಂದನ್ನು ಕಟ್ಟಿದೆ. ಗಾಳಿಗೆ ನೀರು ಆರುತ್ತದೆ, ಆರುವಾಗ ತಣಿಯುತ್ತದೆ. ಆದರೆ ಆರುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿದು ನೀರು ದಿನದಿನಕ್ಕೂ ಕಟುವಾಗುತ್ತದೆ. ಆದ್ದರಿಂದ ತೊಟ್ಟಿಗೊಂದು ಗೆರೆ ಎಳೆದು, ಪ್ರತಿದಿನ ಬೆಳಿಗ್ಗೆ ಆ ಗೆರೆಯವರೆಗೆ ಸೋಸಿದ ಸಿಹಿನೀರನ್ನೇ ತುಂಬಬೇಕು. ಸಾಂದ್ರತೆ 1.025 ಇದೆಯೇ ಎಂದು ಅಳೆದು ಬರೆದಿಡುವುದು ಮಗಳ ಕೆಲಸ.

ಇಷ್ಟೆಲ್ಲ ಸಿದ್ಧವಾದ ಮೇಲೆ ಮೀನು ತರಬಹುದಲ್ಲವೇ ಎಂದು ನೆರೆಹೊರೆಯವರು ಕೇಳಿದರು. ತರುವಂತಿಲ್ಲ ಸ್ವಾಮಿ! ಮೀನಿನ ಹೇಲು, ಉಳಿದ ಆಹಾರ ಇವೆಲ್ಲ ಕೊಳೆತು ಅಮೋನಿಯ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡಿ, ಬಹುಮಟ್ಟಿಗೆ ನಿರುಪದ್ರವಿಯಾಗಿಸುತ್ತವೆ. ಹೀಗೆ ಇಬ್ಬರು ಕೈ ಬದಲಿಸಿ ಮಾಡುವ ಕೆಲಸವಿದು. ಮೊದಲನೆಯ ಮೇಜಿನವರು ಟಿಪ್ಪಣಿ ಬರೆಯದೆ ಎರಡನೆಯ ಮೇಜಿಗೆ ಕಡತ ಹೋಗದು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಅದೃಶ್ಯ ಸಿಬ್ಬಂದಿ ಕಲ್ಲಿನ ರಂಧ್ರಗಳಲ್ಲಿ ಮನೆಮಾಡಿ ಸಾಕಷ್ಟು ಬೆಳೆಯಲು ನಾಲ್ಕಾರು ವಾರ ಬೇಕು. ಅದುವರೆಗೆ ಖಾಲಿ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತ, ಔಷಧದ ಹನಿ ಬಿಟ್ಟು ನೀರಿನ ಬಣ್ಣ ನೋಡುತ್ತ ಕೂಡಬೇಕು. ನಮ್ಮ ಆವಕ-ಜಾವಕದ ಪುಸ್ತಕದಲ್ಲಿ 37ನೆಯ ದಿನ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ಬಂತು. ಕಚೇರಿಯಲ್ಲಿ ಜನರನ್ನು ಕಾಯಿಸುವ ನನ್ನನ್ನು, ಕಣ್ಣಿಗೆ ಕಾಣದ ಗುಮಾಸ್ತರು 37 ದಿನ ಕಾಯಿಸಿದರು.

ಆಮೇಲೆ ಬಂದುವು ಎರಡು ಕ್ಲೌನ್ ಮೀನುಗಳು. ಕಿತ್ತಳೆಯ ಮೈಗೆ ಬಿಳಿಯ ಪಟ್ಟಿ. ಕಡಲಿನಿಂದ ಹಿಡಿದು ತಂದವಲ್ಲ, ತೊಟ್ಟಿಯಲ್ಲಿಯೇ ಹುಟ್ಟಿದವು. ಇವುಗಳ ಮರಿಮಾಡಿಸುವ ವಿದ್ಯೆಯನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲಿಯೇ ಸಾಧಿಸಿದ್ದಾರೆ. ಈ ಮೀನುಗಳೆಲ್ಲ ಮೊದಲಿಗೆ ಗಂಡೇ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಮನೆಯ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಈ ಸಂಗತಿ ನಮ್ಮ ಮನೆಯವರಿಗೆ ತಿಳಿದಂದಿನಿಂದ ತೊಟ್ಟಿಯ ಬಗ್ಗೆ ಅವರ ಅಭಿಪ್ರಾಯ ಬಹಳ ಸುಧಾರಿಸಿದೆ.

ಆದರೆ ಮಗಳಿಗೆ ಬೇಕಾಗಿದ್ದುದು ಹವಳ. ನಮ್ಮ ತೊಟ್ಟಿಯಲ್ಲಿರುವುದು ರಂಧ್ರಗಳುಳ್ಳ, ಸುಟ್ಟ ಮಣ್ಣಿನ ಕಲ್ಲು. ಒಂದು ಭಾನುವಾರ ಆಹಾರ ಕೊಳ್ಳಲು ಅಂಗಡಿಗೆ ಹೋದಾಗ, ಅಂಗಡಿಯಾತ ಒಳಗಿನಿಂದ ಬಕೆಟ್ಟು ತಂದು ತೋರಿಸಿದ. ಅದರಲ್ಲಿ ಮುಷ್ಟಿಗಿಂತ ಕೊಂಚ ದೊಡ್ಡ, ಜೀವಂತ ಗುಂಡು ಹವಳ. “ತೆಗೆದುಕೊಳ್ಳಿ ಸಾಹೇಬರೇ, ಮನೆಯೊಳಗೆ ಯಾರು ನೋಡುತ್ತಾರೆ?” ಎಂದ. ಮಗಳು ನನ್ನ ಅಂಗಿಯ ತುದಿ ಹಿಡಿದು ಮುಖವನ್ನೇ ನೋಡುತ್ತಿದ್ದಳು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಿದ್ದಾರೆ. ಹುಲಿ, ಆನೆಗಳಿರುವ ಪಟ್ಟಿ ಅದು. ಸರಕಾರಿ ನೌಕರನಿಗೆ ಅಷ್ಟೇ ಸಾಕು. ಆದರೆ ಎಂಟು ವರ್ಷದ ಮಗುವಿಗೆ ಕಾಯಿದೆಯ ಕಲಮು ಹೇಳಿ ಸಮಾಧಾನ ಮಾಡಲಾದೀತೇ? ಹೊರಗೆ ಬಂದು ಹೀಗೆಂದೆ: “ಹವಳ ಕಲ್ಲಲ್ಲ, ಪ್ರಾಣಿ. ಅಂಥ ಗುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಬಕೆಟ್ಟಿನಲ್ಲಿದ್ದುದಕ್ಕೆ ಹೆಚ್ಚುಕಡಮೆ ನಿನ್ನಷ್ಟೇ ವಯಸ್ಸು.” ಅವಳು ಬಸ್ಸು ಬರುವವರೆಗೂ ಮಾತಾಡಲಿಲ್ಲ. ಬಸ್ಸು ಹತ್ತಿ ಕುಳಿತ ಮೇಲೆ, “ಹಾಗಾದರೆ ಅದೂ ಮೂರನೆಯ ಇಯತ್ತೆ” ಎಂದಳು. ಆಮೇಲೆ ಹವಳ ಬೇಕೆಂದು ಕೇಳಿಲ್ಲ.

ಕಡಲನ್ನು ಮನೆಗೆ ತರುವ ಆಸೆ ಕಡಲಿಗೇ ಮುಳುವಾದದ್ದುಂಟು. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು 1854ರಲ್ಲಿ ಅಕ್ವೇರಿಯಂ ಕುರಿತು ಪುಸ್ತಕ ಬರೆದ. ಅದನ್ನೋದಿದ ಜನ ದಂಡೆಗೆ ದಾಳಿಯಿಟ್ಟು ಬಂಡೆಗಳ ನಡುವಣ ಕೊಳಗಳನ್ನು ಬರಿದು ಮಾಡಿದರು. ಅವನ ಮಗನೇ 1907ರ ತನ್ನ ಪುಸ್ತಕದಲ್ಲಿ ಆ ಹಾಳನ್ನು ದುಃಖದಿಂದ ನೆನೆದಿದ್ದಾನೆ. ನಮ್ಮ ಲಕ್ಷದ್ವೀಪದ ಹವಳಗಳಾದರೋ 1998, 2010 ಮತ್ತು 2016ರಲ್ಲಿ ಕಡಲು ಕಾದು ಬಿಳಿಚಿಕೊಂಡುವು. ಇಷ್ಟು ಸಂಕಟದಲ್ಲಿರುವ ಜೀವದ ಮೇಲೆ ನನ್ನ ಬಕೆಟ್ಟೂ ಏಕೆ?

ಈ ಹವ್ಯಾಸಕ್ಕೆ ಕೈಹಾಕುವ ಸದಸ್ಯ ಬಂಧುಗಳಿಗೆ ನನ್ನದು ನಾಲ್ಕೇ ಮಾತು. ತೊಟ್ಟಿ ತೀರ ಚಿಕ್ಕದು ಬೇಡ. ಕಡಮೆ ನೀರು ಬೇಗ ಕೆಡುತ್ತದೆ. ಸಿಬ್ಬಂದಿ ಸೇರುವವರೆಗೆ ಮೀನು ಬೇಡ. ಮೀನು ತೊಟ್ಟಿಯಲ್ಲಿ ಹುಟ್ಟಿದ್ದೇ ಎಂದು ಕೇಳಿ ಕೊಳ್ಳಿರಿ. ಹವಳವನ್ನು ಮಾತ್ರ ಅದರ ಊರಿಗೇ ಹೋಗಿ ನೋಡಿರಿ.

ನಾವೂ ಹಾಗೆಯೇ ನಿಶ್ಚಯಿಸಿದ್ದೇವೆ. ಗುಜರಾತಿನ ಜಾಮ್‌ನಗರದ ಬಳಿಯ ನರಾರಾದಲ್ಲಿ ಕಡಲು ಇಳಿದಾಗ ನಡೆದುಕೊಂಡೇ ಹೋಗಿ ಹವಳಗಳನ್ನು ನೋಡಬಹುದು. ರಜೆಯ ಅರ್ಜಿಯನ್ನು ಮೇಲಧಿಕಾರಿಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಅದು ಮಂಜೂರಾಗಿ ಬರುವಷ್ಟರಲ್ಲಿ ಅಲ್ಲಿಯ ಹವಳ ಇನ್ನೊಂದು ಸೆಂಟಿಮೀಟರು ಬೆಳೆದಿದ್ದರೂ ಆಶ್ಚರ್ಯವಿಲ್ಲ.